ಬೇಸಿಗೆ ಶುರು: ಮನೆ ಸುತ್ತ ಹಕ್ಕಿ ನೋಡುವುದು ಹೇಗೆ? ಅನುಭವ ಹೇಳಿ

ಮೈಸೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಎದುರಿಗೆ ಹೊಂಗೆ ಮರ, ಬಾಲ್ಕನಿಯಲ್ಲಿ ಒಂದಷ್ಟು ಕುಂಡ. ಯುಗಾದಿ ಕಳೆದರೆ ಮಗಳಿಗೆ ರಜೆ, ಅವಳ ಜೊತೆ ಹಕ್ಕಿ ನೋಡುವ ಆಸೆ. ಕಾಳು ಹಾಕಿದರೆ ಬರುತ್ತವಾ? ಬೈನಾಕ್ಯುಲರ್ ಯಾವುದು ತಗೊಳ್ಳಲಿ?

– ಬೈನಾಕ್ಯುಲರ್ ಆಮೇಲೆ, ಈಗ ಕಿವಿ ಸಾಕು. ಇದು ಮರಿ ಮಾಡುವ ಕಾಲ, ಗಂಡುಗಳು ಸುಮ್ನೆ ಕೂರುವುದಿಲ್ಲ. ಬೆಳಕು ಹರಿಯುವ ಮುಂಚೆಯೇ ಕೇಬಲ್ ತಂತಿ ಮೇಲೆ ಕೂತು ಸಿಳ್ಳೆ ಹಾಕುವ ಕಪ್ಪು ಬಿಳಿ ಹಕ್ಕಿ ಮಡಿವಾಳ. ಬಿಸಿಲೇರಿದ ಮೇಲೆ ಟುಕ್ ಟುಕ್ ಅಂತ ಪಾತ್ರೆ ಬಡಿದ ಹಾಗೆ ಒಂದೇ ಸಮನೆ ಕೇಳಿದರೆ ಅದು ಕಂಚುಗಾರ ಹಕ್ಕಿ. ಮೈ ಹಸಿರು, ಹಣೆ ಕೆಂಪು, ಎಲೆ ನಡುವೆ ಹುಡುಕಿದರೆ ಸಿಗಲ್ಲ, ಒಣಗಿದ ಕೊಂಬೆ ನೋಡಿ, ಅದರಲ್ಲೇ ತೂತು ಕೊರೆದು ಗೂಡು ಮಾಡುತ್ತದೆ. ಕುಹೂ ಅನ್ನುವುದು ಗಂಡು ಕೋಗಿಲೆ, ಕಪ್ಪು ಮೈ, ಕೆಂಪು ಕಣ್ಣು. ಹೆಣ್ಣು ಕಂದು, ಮೈತುಂಬಾ ಬಿಳಿ ಚುಕ್ಕೆ. ಅದನ್ನು ಕಾಗೆಗಳು ಅಟ್ಟಿಸಿಕೊಂಡು ಹೋಗುತ್ತಿದ್ದರೆ ಹತ್ತಿರದಲ್ಲೇ ಕಾಗೆ ಗೂಡು ಇರಬಹುದು. ಕೋಗಿಲೆ ಮೊಟ್ಟೆ ಇಡುವುದು ಅಲ್ಲೇ ಅಲ್ವಾ!

– ಕಾಳು ಹಾಕಿದರೆ ಪಾರಿವಾಳ ಬರುತ್ತವೆ. ಆಮೇಲೆ ಓನರ್ ಬರುತ್ತಾರೆ.

– ಕಾಳಿಗಿಂತ ನೀರು ವಾಸಿ. ಅಗಲವಾದ ಮಣ್ಣಿನ ತಟ್ಟೆ, ಹೆಚ್ಚು ಆಳ ಬೇಡ, ಕೂರುವುದಕ್ಕೆ ಒಂದು ಕಲ್ಲು. ದಿನಾ ತೊಳೆದು ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ ಆಗುತ್ತದೆ. ನಮ್ಮಲ್ಲಿ ಮಧ್ಯಾಹ್ನ ಪಿಕಳಾರ (ಬುಲ್‌ಬುಲ್) ಬಂದು ಮುಳುಗೆದ್ದು ಹೋಗುತ್ತವೆ, ಅವುಗಳ ಹಿಂದೆಯೇ ಅಳಿಲು.

ದಾಸವಾಳ ಇದ್ದರೆ ಮಕರಂದ ಹೀರುವ ಪುಟ್ಟ ಹಕ್ಕಿ ಸೂರಕ್ಕಿ ಬಂದೇ ಬರುತ್ತದೆ. ಜೇಡರ ಬಲೆ, ತೊಗಟೆ ಚೂರು, ಒಣ ನಾರು ಸೇರಿಸಿ ಬಟ್ಟೆ ಒಣಗಿಸುವ ತಂತಿಗೇ ಗೂಡು ನೇತುಹಾಕಿದರೂ ಆಶ್ಚರ್ಯ ಇಲ್ಲ, ನೋಡುವುದಕ್ಕೆ ಥೇಟ್ ಕಸ, ಕೆಲಸದವರಿಗೆ ಮೊದಲೇ ಹೇಳಿಡಿ. ಕಾವು ಸುಮಾರು ಎರಡು ವಾರ, ಮರಿ ಹಾರುವುದಕ್ಕೆ ಇನ್ನೂ ಎರಡು ವಾರದ ಮೇಲೆ. ಅಲ್ಲಿವರೆಗೆ ಬಟ್ಟೆ ಬೇರೆ ಕಡೆ ಹಾಕಿ. ಮೊಬೈಲ್ ಹಿಡಿದು ಗೂಡಿನ ಬಾಯಿಗೆ ಹೋಗಬೇಡಿ, ತಾಯಿ ಹೆದರಿ ಬಿಟ್ಟು ಹೋಗಬಹುದು, ಕಾಗೆ ಬೇರೆ ನೋಡುತ್ತಿರುತ್ತದೆ. ಮಗಳನ್ನು ಕಿಟಕಿ ಒಳಗೆ ಕೂರಿಸಿ.

– ಹೊಂಗೆ ಮರ ನೋಡುವುದಕ್ಕೆ 8×32 ಬೈನಾಕ್ಯುಲರ್ (8 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 32 ಮಿ.ಮೀ. ಅಗಲ ಇರುವಂಥದ್ದು) ಸಾಕು, ಮಕ್ಕಳ ಕೈಗೆ ಹಗುರ. 10 ಪಟ್ಟಿನದ್ದು ಜಾಸ್ತಿ ಅಲುಗಾಡುತ್ತದೆ. ಕೂಗು ಗುರುತಿಸುವುದಕ್ಕೆ ಮರ್ಲಿನ್ ಆ್ಯಪ್ ಇದೆ, ಉಚಿತ. ಅದು ಹೇಳಿದ ಹೆಸರನ್ನು ಕಣ್ಣಾರೆ ನೋಡದೆ ನಂಬಬೇಡಿ.