ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ತಾಪಮಾನದ ಮೀಟರ್: ಸೆನ್ಸರ್ ಎಲ್ಲಿ ಕೂರಿಸಬೇಕು?

ಪ್ರಶ್ನೆ (ಮೂಡಿಗೆರೆಯಿಂದ)

ನಮಸ್ಕಾರ. ನನ್ನ ಬಳಿ ವಾರಂಟಿ ಮುಗಿದಿರುವ, ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್ ಡೀಸೆಲ್ ಎಸ್‌ಯುವಿ ಇದೆ. ಮನೆಮಂದಿಯೆಲ್ಲ ಕುಳಿತು, ಸಾಮಾನನ್ನೂ ಹೇರಿಕೊಂಡು ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಬಸ್ಸುಗಳ ಹಿಂದೆ ನಿಧಾನವಾಗಿ ಸಾಗಬೇಕಾಗಿ ಬಂದರೆ, ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ಗೇರ್ ಬದಲಾವಣೆ ಒರಟಾಗುತ್ತದೆ. ಆಗಲೂ ಎಂಜಿನ್ ತಾಪಮಾನದ ಮುಳ್ಳು ನಡುವಿನಲ್ಲೇ ನಿಂತಿರುತ್ತದೆ. ಗೇರ್‌ಬಾಕ್ಸ್ ಆಯಿಲ್‌ಗೆ 52 ಮಿ.ಮೀ. ಮೀಟರ್ ಹಾಕಿಸಬೇಕೆಂದಿದ್ದೇನೆ. ಸೆನ್ಸರ್ ಅನ್ನು ಗೇರ್‌ಬಾಕ್ಸ್ ತಳದ ಆಯಿಲ್ ಪ್ಯಾನ್‌ನಲ್ಲಿ ಕೂರಿಸುವುದು ಸರಿಯೋ, ಆಯಿಲ್ ತಣಿಸುವ ಕೂಲರ್‌ನ ಪೈಪಿನಲ್ಲೋ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ಮಂಗಳೂರಿನಿಂದ)

ನಿಮ್ಮ ಅನುಮಾನಕ್ಕೆ ಆಧಾರವಿದೆ. ನಿಧಾನವಾಗಿ ಏರು ಹತ್ತುವಾಗ ಕನ್ವರ್ಟರಿನ ಲಾಕ್‌ಅಪ್ ಕ್ಲಚ್ (ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುವ ಕ್ಲಚ್) ಸಾಮಾನ್ಯವಾಗಿ ಹಿಡಿಯುವುದಿಲ್ಲ. ಎಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲು ಆಯಿಲ್ ಅನ್ನು ಕಡೆಯುವುದರಲ್ಲೇ ಕಳೆದು ಶಾಖವಾಗುತ್ತದೆ. ಎಂಜಿನ್ ತಣಿಸುವ ಕೂಲಂಟಿನ ತಾಪಮಾನ ಸರಿಯಾಗಿದ್ದ ಮಾತ್ರಕ್ಕೆ ಗೇರ್‌ಬಾಕ್ಸ್ ತಣ್ಣಗಿದೆ ಎಂದು ಹೇಳಲಾಗದು.

ಸೆನ್ಸರ್ ಎಲ್ಲಿದೆ ಎಂಬುದರ ಮೇಲೆ ಮೀಟರಿನ ಅಂಕಿಯ ಅರ್ಥವೇ ಬದಲಾಗುತ್ತದೆ. ಕನ್ವರ್ಟರಿನಿಂದ ಕೂಲರ್‌ಗೆ ಹೋಗುವ ಪೈಪಿನಲ್ಲಿ ಅತ್ಯಂತ ಬಿಸಿಯಾದ ಆಯಿಲ್ ಹರಿಯುವುದರಿಂದ ಅಲ್ಲಿ ಮುಳ್ಳು ಪ್ರತಿ ತಿರುವಿನಲ್ಲೂ ಏರಿಳಿಯುತ್ತದೆ, ಹೊಸಬರನ್ನು ಗಾಬರಿಗೊಳಿಸುತ್ತದೆ. ಪ್ಯಾನ್‌ನಲ್ಲಿರುವುದು ಒಳಗಿನ ಕ್ಲಚ್‌ಗಳಿಗೂ ವಾಲ್ವ್‌ಗಳಿಗೂ ಪಂಪ್ ಎಳೆದು ಕೊಡುವ ಆಯಿಲ್. ನಿಮ್ಮ ಬಳಕೆಗೆ ನಾನು ಪ್ಯಾನ್ ಅನ್ನೇ ಆರಿಸುತ್ತೇನೆ. ಅಲ್ಲಿ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಕಾಣುತ್ತದೆ. ಘಾಟಿಯಲ್ಲಿ ಸ್ವಲ್ಪ ಹೊತ್ತು 110 ಆದರೆ ಹೆದರಬೇಕಿಲ್ಲ. 120 ದಾಟಿ ಅಲ್ಲೇ ನಿಂತರೆ ಜಾಗ ನೋಡಿ ಗಾಡಿ ನಿಲ್ಲಿಸಬೇಕು. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಓಡಲು ಬಿಡಿ. ಎಂಜಿನ್ ಆರಿಸಿದರೆ ಪಂಪೂ ನಿಂತು, ಆಯಿಲ್ ಕೂಲರ್ ಕಡೆಗೆ ಹರಿಯುವುದೇ ಇಲ್ಲ.

ಪ್ಯಾನ್‌ಗೆ ಸೆನ್ಸರ್ ತಿರುಗಿಸಿ ಕೂರಿಸುವ ಬುಷ್ ಬೆಸುಗೆ ಹಾಕಿಸುವುದಾದರೆ ಪ್ಯಾನ್ ಕಳಚಿಯೇ ಹಾಕಿಸಿ. ಸೆನ್ಸರಿನ ತುದಿ ಫಿಲ್ಟರ್‌ಗೆ ತಾಗುವುದೋ ಎಂದು ಮೊದಲೇ ಅಳೆಯಿರಿ, ಮತ್ತು ತಳದಲ್ಲಿ ಬೇಡ, ಕಲ್ಲು ಬಡಿಯದ ಪಕ್ಕದ ಗೋಡೆಯಲ್ಲಿರಲಿ.

ಉತ್ತರ (ಹುಬ್ಬಳ್ಳಿಯಿಂದ, ಆಟೋ ಎಲೆಕ್ಟ್ರಿಷಿಯನ್)

ವೈರಿಂಗ್ ಬಗ್ಗೆ ಹೇಳುತ್ತೇನೆ. ಒಂದೇ ವೈರಿನ ಸೆನ್ಸರ್ ತನ್ನ ಥ್ರೆಡ್ ಮೂಲಕವೇ ಅರ್ಥ್ ಪಡೆಯುತ್ತದೆ. ಸೋರಬಾರದೆಂದು ಟೆಫ್ಲಾನ್ ಟೇಪನ್ನು ದಪ್ಪವಾಗಿ ಸುತ್ತಿದರೆ ಅರ್ಥ್ ಕಡಿದು ಮೀಟರ್ ತಪ್ಪು ತೋರಿಸುತ್ತದೆ. ಇಂಥ ಮೀಟರ್‌ಗಳನ್ನು ಕೆಟ್ಟಿವೆ ಎಂದು ಎಸೆದವರನ್ನೂ ಕಂಡಿದ್ದೇನೆ. ಸೆನ್ಸರೂ ಮೀಟರೂ ಒಂದೇ ಕಂಪನಿಯ ಜೋಡಿಯಾಗಿರಲಿ, ಏಕೆಂದರೆ ಒಂದು ಕಂಪನಿಯ ಸೆನ್ಸರಿನ ರೆಸಿಸ್ಟೆನ್ಸ್ ಇನ್ನೊಂದರ ಮೀಟರ್‌ಗೆ ಹೊಂದದೇ ಇರಬಹುದು. ಕೀ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟ್ ಲೈನಿನಿಂದ ಫ್ಯೂಸ್ ಹಾಕಿ ಕರೆಂಟ್ ತೆಗೆದುಕೊಳ್ಳಿ, ಮೀಟರಿನ ದೀಪಕ್ಕೆ ಪಾರ್ಕಿಂಗ್ ಲೈಟಿನ ವೈರ್ ಕೊಡಿ. ಎಂಜಿನ್ ಕಡೆಯಿಂದ ಒಳಗೆ ತರುವಾಗ ರಬ್ಬರ್ ಬುಷ್ ಇಲ್ಲದೆ ತಗಡಿನ ತೂತಿನಲ್ಲಿ ವೈರ್ ಎಳೆಯಲೇಬೇಡಿ, ಸೈಲೆನ್ಸರ್ ಪೈಪಿನಿಂದಲೂ ದೂರವಿಡಿ.

ಉತ್ತರ (ಬೆಂಗಳೂರಿನಿಂದ)

ಪ್ಯಾನ್‌ಗೆ ತೂತು ಕೊರೆಯುವ ಮೊದಲು ಒಂದು ವಿಷಯ ನೋಡಿ. ಈ ಗೇರ್‌ಬಾಕ್ಸ್‌ಗಳ ಕಂಪ್ಯೂಟರ್ ತನ್ನ ಕೆಲಸಕ್ಕಾಗಿ ಆಯಿಲ್‌ನ ತಾಪಮಾನವನ್ನು ಹೇಗೂ ಅಳೆಯುತ್ತಿರುತ್ತದೆ. ನಿಮ್ಮ ಗಾಡಿಯ ಮಾದರಿಗೆ ಹೊಂದುವ ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಸಾಧನ) ಸಿಕ್ಕರೆ ಆ ಅಂಕಿಯನ್ನು ಮೊಬೈಲಿನಲ್ಲೇ ನೋಡಬಹುದು. ಅಗ್ಗದ ಸ್ಕ್ಯಾನರ್‌ಗಳು ಎಂಜಿನ್ ತಾಪಮಾನವನ್ನಷ್ಟೇ ತೋರಿಸುವುದುಂಟು, ಆದ್ದರಿಂದ ಕೇಳಿ ಕೊಳ್ಳಿ. ಘಾಟಿಯಲ್ಲಿ ಮ್ಯಾನುಯಲ್ ಮೋಡ್‌ನಲ್ಲಿ ಎರಡನೇ ಗೇರ್ ಹಿಡಿದು ಹತ್ತಿದಾಗ ಅಂಕಿ ಎಷ್ಟು ಇಳಿಯುತ್ತದೆಂಬುದನ್ನೂ ಗಮನಿಸಿ.

ಮೂಡಿಗೆರೆಯಿಂದ

ಮೂವರಿಗೂ ಧನ್ಯವಾದಗಳು. ಮೊದಲು ಸ್ಕ್ಯಾನರ್ ಹಾಕಿ ಘಾಟಿ ಹತ್ತಿ ನೋಡುತ್ತೇನೆ. ಅಂಕಿ ಏರುವುದು ನಿಜವಾದರೆ ಆಯಿಲ್ ಬದಲಿಸುವಾಗಲೇ ಪ್ಯಾನ್‌ನಲ್ಲಿ ಸೆನ್ಸರ್ ಕೂರಿಸುತ್ತೇನೆ. ನನ್ನ ಗೇರ್‌ಬಾಕ್ಸ್‌ಗೆ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಇಲ್ಲ. ಆಯಿಲ್ ಮಟ್ಟವನ್ನು ಆಮೇಲೆ ಹೇಗೆ ನೋಡುವುದು?

ಉತ್ತರ (ಮಂಗಳೂರಿನಿಂದ)

ಗಾಡಿಯನ್ನು ಸಮತಟ್ಟಾಗಿ ಎತ್ತಿ, ಎಂಜಿನ್ ಓಡುತ್ತಿರುವಾಗ, ಕಂಪನಿ ಹೇಳಿದ ತಾಪಮಾನದಲ್ಲಿ ಓವರ್‌ಫ್ಲೋ ಪ್ಲಗ್ ಬಿಚ್ಚಬೇಕು. ಆಯಿಲ್ ಎಳೆಯಂತೆ ಸುರಿದು ಹನಿಹನಿಯಾಗುತ್ತಿದ್ದಂತೆ ಪ್ಲಗ್ ಬಿಗಿಯಬೇಕು. ತಣ್ಣಗಿರುವಾಗ ನೋಡಿ ಮುಚ್ಚಿದರೆ ಆಯಿಲ್ ಹೆಚ್ಚಾಗಿ ಉಳಿಯುತ್ತದೆ, ತೀರಾ ಬಿಸಿಯಾದಾಗ ನೋಡಿದರೆ ಕಡಿಮೆಯಾಗುತ್ತದೆ. ಆ ಸ್ಕ್ಯಾನರ್ ಈ ಕೆಲಸಕ್ಕೂ ಬೇಕಾಗುತ್ತದೆ, ವರ್ಕ್‌ಶಾಪಿಗೆ ಹೋಗುವಾಗ ಜೊತೆಗೇ ಒಯ್ಯಿರಿ.