ಸಹಾಯ ಬೇಕು: ಇಂಗ್ಲಿಷ್ ಫ್ರೇಸಲ್ ವರ್ಬ್ ಮಕ್ಕಳಿಗೆ ಹೇಗೆ ಹೇಳಿಕೊಡುವುದು?

ಎಲ್ಲರಿಗೂ ನಮಸ್ಕಾರ. ಸಂಜೆ ಹೊತ್ತು ನಮ್ಮ ಬೀದಿಯ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎಲ್ಲರೂ ಕನ್ನಡ ಮಾಧ್ಯಮದವರು.

ಫ್ರೇಸಲ್ ವರ್ಬ್ ಅಂದರೆ ಕ್ರಿಯಾಪದದ ಜೊತೆ 'ಆಫ್', 'ಔಟ್' ಥರದ ಚಿಕ್ಕ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿ. ಇವುಗಳ ಅರ್ಥ ಮಕ್ಕಳು ಬೇಗ ಹಿಡಿಯುತ್ತಾರೆ. 'ಪುಟ್ ಆಫ್' ಅಂದರೆ ಮುಂದಕ್ಕೆ ಹಾಕುವುದು, 'ರನ್ ಔಟ್ ಆಫ್' ಅಂದರೆ ಖಾಲಿಯಾಗುವುದು, ಇಷ್ಟು ಸಲೀಸು. ತೊಡಕಿರುವುದು ವಾಕ್ಯ ಮಾಡುವಾಗ. 'ಟರ್ನ್ ಆಫ್ ದ ಫ್ಯಾನ್', 'ಟರ್ನ್ ದ ಫ್ಯಾನ್ ಆಫ್' ಎರಡೂ ಸರಿ. ಫ್ಯಾನ್ ಬದಲು 'ಇಟ್' ಬಂತೋ, 'ಟರ್ನ್ ಇಟ್ ಆಫ್' ಮಾತ್ರ ಸರಿ. 'ಟರ್ನ್ ಆಫ್ ಇಟ್' ಅನ್ನುವಂತಿಲ್ಲ. ಆದರೆ 'ಲುಕ್ ಆಫ್ಟರ್' ನಡುವೆ ಏನನ್ನೂ ತೂರಿಸಲು ಆಗುವುದಿಲ್ಲ, 'ಲುಕ್ ಆಫ್ಟರ್ ಹರ್' ಅಂತಲೇ ಹೇಳಬೇಕು. ಯಾವುದನ್ನು ಬಿಡಿಸಬಹುದು, ಯಾವುದನ್ನು ಬಿಡಿಸಬಾರದು ಅಂತ ಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ ಅಲ್ವಾ? ಸುಮ್ನೆ ಪಟ್ಟಿ ಬಾಯಿಪಾಠ ಮಾಡಿಸಲು ನನಗೆ ಮನಸ್ಸಿಲ್ಲ.

ಇಲ್ಲಿ ಇಂಗ್ಲಿಷ್ ಮೇಷ್ಟ್ರು, ಮೇಡಂ ಯಾರಾದರೂ ಇದ್ದರೆ, ಇದನ್ನು ಹೇಗೆ ಅಭ್ಯಾಸ ಮಾಡಿಸುತ್ತೀರಿ ಅಂತ ದಯವಿಟ್ಟು ತಿಳಿಸಿ. ಮನೆ, ಬಸ್ಸು, ಅಂಗಡಿಯಲ್ಲಿ ಆಡುವಂಥ ನಾಲ್ಕಾರು ವಾಕ್ಯಗಳನ್ನು ವಾಯ್ಸ್ ಮೆಸೇಜ್‌ನಲ್ಲಿ ಕಳಿಸಿದರೆ ಇನ್ನೂ ಒಳ್ಳೆಯದು. 'ಟರ್ನ್ ಇಟ್ ಆಫ್' ಅನ್ನುವಾಗ ಒತ್ತು 'ಆಫ್' ಮೇಲೆ ಬೀಳುತ್ತದೆ, ಅಂಥದ್ದನ್ನು ಮಕ್ಕಳು ಕಿವಿಯಿಂದಲೇ ಕಲಿಯಬೇಕು.