ಮನೆಯ ಈಜುಕೊಳಕ್ಕೆ ಬೇಲಿ: ಎತ್ತರವೊಂದೇ ಸಾಕೇ?

ಪ್ರಶ್ನೆ: ಹಿತ್ತಲಿನ ಈಜುಕೊಳದ ಸುತ್ತ 1.2 ಮೀಟರ್ ಎತ್ತರದ ಬೇಲಿ ಹಾಕಿಸಿದ್ದೇನೆ. ಪಕ್ಕದಲ್ಲಿರುವ ಸ್ಪಾ ತೊಟ್ಟಿಗೆ ಮುಚ್ಚಳವಷ್ಟೇ ಇದೆ. ಚಿಕ್ಕ ಮಕ್ಕಳಿರುವ ಮನೆಗೆ ಇಷ್ಟು ಸಾಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಎತ್ತರಕ್ಕಿಂತ ಮೊದಲು ಬಾಗಿಲನ್ನು ಪರೀಕ್ಷಿಸಿ. ಅದು ಕೊಳದಿಂದ ಹೊರಮುಖವಾಗಿ ತೆರೆದುಕೊಳ್ಳಬೇಕು. ಸ್ವಲ್ಪವೇ ತೆರೆದು ಕೈಬಿಟ್ಟರೂ ತಾನಾಗಿ ಮುಚ್ಚಿಕೊಂಡು, ಚಿಲಕವೂ ತಾನಾಗಿ ಬೀಳಬೇಕು. ಆಸ್ಟ್ರೇಲಿಯಾದಲ್ಲಿ 300 ಮಿಲಿಮೀಟರಿಗಿಂತ ಆಳದ ನೀರು ನಿಲ್ಲಬಲ್ಲ ಕೊಳಕ್ಕೆ ತಡೆ ಕಡ್ಡಾಯವಾಗಿದ್ದು, ಸರಳುಗಳ ನಡುವೆಯಾಗಲಿ ಬೇಲಿಯ ಕೆಳಗಾಗಲಿ 100 ಮಿಲಿಮೀಟರಿಗಿಂತ ದೊಡ್ಡ ಸಂದು ಇರುವಂತಿಲ್ಲ.

ಉತ್ತರ 2: ಮೇಲಿನ ಮಾತಿಗೆ ಒಂದು ಸೇರ್ಪಡೆ. ಬೇಲಿಯ ಹೊರಗೆ ಒತ್ತಿಕೊಂಡಂತೆ ಹೂಕುಂಡ, ಕುರ್ಚಿ ಅಥವಾ ಪಂಪಿನ ಪೆಟ್ಟಿಗೆ ಇದ್ದರೆ ಮಗು ಅದನ್ನೇ ಮೆಟ್ಟಿಲಾಗಿಸಿಕೊಳ್ಳುತ್ತದೆ; ಆಗ ಆ 1.2 ಮೀಟರ್ ಕಾಗದದ ಮೇಲಿನ ಲೆಕ್ಕವಾಗಿ ಉಳಿಯುತ್ತದೆ. ಓಡಾಟಕ್ಕೆ ಅನುಕೂಲವೆಂದು ಬಾಗಿಲಿಗೆ ಕಲ್ಲು ಒಡ್ಡಿ ತೆರೆದಿಡುವ ಅಭ್ಯಾಸವಂತೂ (ದೊಡ್ಡವರದೇ ತಪ್ಪು) ಬೇಲಿಯೇ ಇಲ್ಲದಂತೆ.

ಉತ್ತರ 3: ಸ್ಪಾ ವಿಷಯದಲ್ಲಿ ನಿಯಮಗಳು ಎಲ್ಲೆಡೆ ಒಂದೇ ಅಲ್ಲ. ಮಗು ತೆಗೆಯಲಾಗದಂತೆ ಬೀಗ ಬೀಳುವ ಗಟ್ಟಿ ಮುಚ್ಚಳವನ್ನು ಕೆಲವೆಡೆ ಒಪ್ಪುತ್ತಾರೆ, ಕೆಲವೆಡೆ ಬೇಲಿಯನ್ನೇ ಕೇಳುತ್ತಾರೆ. ಆದ್ದರಿಂದ ನಿಮ್ಮ ಸ್ಥಳೀಯ ಕಟ್ಟಡ ಇಲಾಖೆಯಲ್ಲಿ ವಿಚಾರಿಸಿ. ನೀರಿನ ಮೇಲೆ ಸುಮ್ಮನೆ ತೇಲುವ ತೆಳು ಹೊದಿಕೆಯನ್ನು ಮಾತ್ರ ತಡೆಯೆಂದು ನಂಬಬೇಡಿ.